ಪ್ರಾಚೀನ ಇತಿಹಾಸದ ವಿಕಿಯೋಜನೆಗಳು

ಪ್ರಾಚೀನ ಇತಿಹಾಸದ ವಿಕಿಯೋಜನೆಗಳು ಗ್ರೀಸ್, ರೋಮ್, ಈಜಿಪ್ಟ್, ಮೆಸೊಪೊಟೇಮಿಯ ಮೊದಲಾದ ನಾಗರಿಕತೆಗಳ ಲೇಖನಗಳನ್ನು ಒಟ್ಟಾಗಿ ರಚಿಸಿ ಪರಿಷ್ಕರಿಸುವ ಇಂಗ್ಲಿಷ್ ವಿಕಿಪೀಡಿಯದ ಸ್ವಯಂಸೇವಕರ ಗುಂಪುಗಳಾಗಿವೆ. ಸದಸ್ಯರು ಲೇಖನಗಳ ಗುಣಮಟ್ಟವನ್ನು ‘ಚುಟುಕು’ ಹಂತದಿಂದ ‘ವಿಶೇಷ ಲೇಖನ’ದವರೆಗೆ ಶ್ರೇಣೀಕರಿಸಿ, ಕೊರತೆಗಳನ್ನು ಚರ್ಚಾಪುಟದಲ್ಲಿ ಸೂಚಿಸುತ್ತಾರೆ.

ಇವರು ಎದುರಿಸುವ ಒಂದು ತೊಡಕು ಕಾಲನಿರ್ಣಯದ್ದು. ಬ್ಯಾಬಿಲೋನಿನ ದೊರೆ ಹಮ್ಮುರಾಬಿಯ ಆಳ್ವಿಕೆಯು ಮಧ್ಯಮ ಕಾಲಗಣನೆಯಂತೆ ಕ್ರಿ.ಪೂ. 1792–1750, ಹ್ರಸ್ವ ಕಾಲಗಣನೆಯಂತೆ ಕ್ರಿ.ಪೂ. 1728–1686. ಒಂದು ಲೇಖನ ಒಂದು ಗಣನೆಯನ್ನೂ ಇನ್ನೊಂದು ಲೇಖನ ಮತ್ತೊಂದನ್ನೂ ಅನುಸರಿಸಿದರೆ, ಸಮಕಾಲೀನ ಅರಸರ ನಡುವೆಯೂ ಓದುಗರಿಗೆ 64 ವರ್ಷಗಳ ಅಂತರ ಕಾಣುತ್ತದೆ. ಆದ್ದರಿಂದ ಬಳಸಿದ ಗಣನೆ ಯಾವುದೆಂದು ಲೇಖನದಲ್ಲಿಯೇ ತಿಳಿಸುವುದು ಅಗತ್ಯ. ವಿಕಿಪೀಡಿಯದಲ್ಲಿ ಸ್ವಂತ ಸಂಶೋಧನೆಗೆ ಅವಕಾಶವಿಲ್ಲ. ಸಂಪಾದಕರು ತಾವೇ ತೀರ್ಪು ನೀಡದೆ, ಪ್ರಕಟಿತ ಆಕರಗಳಲ್ಲಿರುವ ವಿದ್ವಾಂಸರ ಅಭಿಪ್ರಾಯಗಳನ್ನು ಅವುಗಳಿಗಿರುವ ಮನ್ನಣೆಗೆ ತಕ್ಕಂತೆ ನಿರೂಪಿಸಬೇಕು.