ನೀರಿನ ಗುಟ್ಟು ಹೇಳುವ ಕಡ್ಡಿ

ನಮ್ಮ ಬೋರ್‌ವೆಲ್ ನೀರು ನೋಡಿ. ಎಷ್ಟು ತಿಳಿಯಾಗಿದೆ! ಅದೇ ನೀರು ಕುಡಿಯುವ ಮಕ್ಕಳ ಹಲ್ಲನ್ನೂ ನೋಡಿ. ಕೆಲವರ ಹಲ್ಲಿನ ಮೇಲೆ ಕಂದು ಕಲೆ. "ಸರಿಯಾಗಿ ಹಲ್ಲುಜ್ಜಲ್ಲ" ಅಂತ ನಾವು ಮಕ್ಕಳನ್ನೇ ಬಯ್ತೀವಿ. ತಪ್ಪು ಮಕ್ಕಳದಲ್ಲದೆ ಇರಬಹುದು. ಅದು ನೀರಿನಲ್ಲಿರುವ ಫ್ಲೋರೈಡ್‌ನಿಂದಲೂ ಬರುತ್ತದೆ.

ಫ್ಲೋರೈಡ್ ಎಲ್ಲಿಂದ ಬರುತ್ತೆ? ನೆಲದೊಳಗಿನ ಬಂಡೆಯಿಂದ. ಕೋಲಾರ, ತುಮಕೂರು, ಗದಗ ಜಿಲ್ಲೆಗಳ ಹಲವು ಊರುಗಳಲ್ಲಿ ಈ ತೊಂದರೆ ಇದೆ. ಒಂದು ಲೀಟರ್ ನೀರಿನಲ್ಲಿ 1 ಮಿಲಿಗ್ರಾಂವರೆಗೆ ಫ್ಲೋರೈಡ್ ಇರಬಹುದು. ಬೇರೆ ನೀರೇ ಸಿಗದಿದ್ದರೆ 1.5ರವರೆಗೆ. ಅದಕ್ಕಿಂತ ಹೆಚ್ಚಾದರೆ ಹಲ್ಲು ಕೆಡುತ್ತದೆ. ತುಂಬಾ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲು ಬಿಗಿಯುತ್ತವೆ. ಬೆನ್ನು ಬಾಗುತ್ತದೆ.

ನೀರು ಕಾಯಿಸಿದರೆ ಹೋಗುತ್ತಾ? ಹೋಗಲ್ಲ. ನೀರು ಆವಿಯಾಗುತ್ತೆ, ಫ್ಲೋರೈಡ್ ಉಳಿಯುತ್ತೆ.

ಹಾಗಾದ್ರೆ ಇದನ್ನು ಕಂಡುಹಿಡಿಯೋದು ಹೇಗೆ? ಉಪ್ಪು ನೀರಿನಲ್ಲಿ ಕರಗಿದರೆ ಕಣ್ಣಿಗೆ ಕಾಣಲ್ಲ. ಫ್ಲೋರೈಡೂ ಹಾಗೆಯೇ. ಉಪ್ಪಾದರೆ ನಾಲಿಗೆಗೆ ಗೊತ್ತಾಗುತ್ತೆ. ಫ್ಲೋರೈಡ್ ಅದಕ್ಕೂ ಸಿಗಲ್ಲ. ಆದರೆ ಕರಗಿದ ಈ ಕಣಕ್ಕೆ ವಿದ್ಯುತ್ತಿನ ಗುಣ ಇದೆ. ಇಂಥ ಕಣಕ್ಕೆ ಅಯಾನು ಅಂತ ಹೆಸರು. ಈ ಗುಣವೇ ಅದರ ಗುಟ್ಟು ಬಿಟ್ಟುಕೊಡುತ್ತದೆ.

ಪ್ರಯೋಗಾಲಯದಲ್ಲಿ ಪೆನ್ನಿನಂಥ ಒಂದು ಕಡ್ಡಿ ಇರುತ್ತದೆ. ಇದಕ್ಕೆ ಎಲೆಕ್ಟ್ರೋಡ್ ಅಂತಾರೆ. 1966ರಲ್ಲಿ ಅಮೆರಿಕದ ವಿಜ್ಞಾನಿಗಳು ಇದರ ವಿಷಯ ಪ್ರಕಟಿಸಿದರು. ಕಡ್ಡಿಯ ತುದಿಯಲ್ಲಿ ಒಂದು ಹರಳು. ಬೀಗಕ್ಕೆ ಅದರ ಬೀಗದಕೈ ಮಾತ್ರ ಹೊಂದುವ ಹಾಗೆ, ಈ ಹರಳಿಗೆ ಹೊಂದುವುದು ಫ್ಲೋರೈಡ್. ನೀರಿನ ಉಪ್ಪು, ಸುಣ್ಣ ಹೊಂದಲ್ಲ. ಜೊತೆಗೆ ಇನ್ನೊಂದು ಕಡ್ಡಿಯನ್ನೂ ನೀರಿನಲ್ಲಿ ಅದ್ದುತ್ತಾರೆ. ಎರಡರ ನಡುವೆ ಬಹಳ ಸಣ್ಣ ವಿದ್ಯುತ್ ಒತ್ತಡ ಹುಟ್ಟುತ್ತದೆ. ಫ್ಲೋರೈಡ್ ಹೆಚ್ಚುಕಮ್ಮಿ ಆದ ಹಾಗೆ ಇದೂ ಬದಲಾಗುತ್ತೆ. ಮೀಟರಿನಲ್ಲಿ ಅಂಕಿ ಕಾಣುತ್ತದೆ.

ಆ ಅಂಕಿ ನಂಬೋದು ಹೇಗೆ? ತಕ್ಕಡಿಗೆ ತೂಕದ ಕಲ್ಲು ಬೇಕಲ್ವಾ? ಇಲ್ಲೂ ಹಾಗೆಯೇ. ಎಷ್ಟು ಫ್ಲೋರೈಡ್ ಇದೆ ಎಂದು ಮೊದಲೇ ಗೊತ್ತಿರುವ ನೀರನ್ನು ಅಳೆಯುತ್ತಾರೆ. ಆಮೇಲೆ ನಮ್ಮ ನೀರನ್ನು ಅದಕ್ಕೆ ಹೋಲಿಸುತ್ತಾರೆ.

ನಾವೇನು ಮಾಡೋಣ? ಗ್ರಾಮ ಪಂಚಾಯಿತಿಗೆ ಹೋಗಿ, ನಮ್ಮ ನೀರು ಪರೀಕ್ಷೆ ಮಾಡಿಸಿ ಅಂತ ಕೇಳೋಣ. ನೀರನ್ನು ತೊಳೆದ ಪ್ಲಾಸ್ಟಿಕ್ ಬಾಟಲಿಯಲ್ಲಿ ಕೊಡೋಣ. ಗಾಜಿನದು ಬೇಡ. ಫ್ಲೋರೈಡ್ ಹೆಚ್ಚಿದ್ದರೆ ಕುಡಿಯೋಕೆ, ಅಡುಗೆಗೆ ಬೇರೆ ನೀರು ಕೇಳೋಣ. ಶುದ್ಧವಾಗಿ ಹಿಡಿದಿಟ್ಟ ಮಳೆನೀರೂ ಆಗುತ್ತೆ.

ಪರೀಕ್ಷೆಯ ಚೀಟಿ ಬಂದಾಗ ಬೇರೆಯವರ ಕೈಗೆ ಕೊಡಬೇಡಿ. 'ಫ್ಲೋರೈಡ್' ಎಂಬ ಪದ ಹುಡುಕಿ. ಅದರ ಮುಂದಿನ ಅಂಕಿ ನೋಡಿ. ಈಗ ನಮಗೆ ಓದೋಕೆ ಬರುತ್ತಲ್ಲ!