ತೆರೆಯ ಅಂಚಿನ ಕಲಾವಿದ

ಅಮೆರಿಕದ ನಟ ಹ್ಯಾರಿ ಡೀನ್ ಸ್ಟ್ಯಾಂಟನ್ನರ ಬತ್ತಿದ ಮುಖವನ್ನು ಕಂಡವರು ಅಸಂಖ್ಯ. ಹೆಸರು ಬಲ್ಲವರು ವಿರಳ. 1926ರಲ್ಲಿ ಕೆಂಟಕಿ ಸಂಸ್ಥಾನದಲ್ಲಿ ಜನಿಸಿ, ಓಕಿನಾವಾ ಕಾಳಗದಲ್ಲಿ ನೌಕಾದಳದ ಅಡುಗೆಯವರಾಗಿದ್ದ ಇವರು ಹಾಲಿವುಡ್ಡಿನಲ್ಲಿ ಸುಮಾರು ಮೂರು ದಶಕ ಚಿಲ್ಲರೆ ಪಾತ್ರಗಳಲ್ಲೇ ಸವೆದರು.

1984ರ ‘ಪ್ಯಾರಿಸ್, ಟೆಕ್ಸಾಸ್’ ಚಿತ್ರದಲ್ಲಿ ವಿಮ್ ವೆಂಡರ್ಸ್ ನಾಯಕಪಾತ್ರವನ್ನಿತ್ತಾಗ ವಯಸ್ಸು ಅರುವತ್ತರ ಸಮೀಪ. ಮರುಭೂಮಿಯಿಂದ ನಡೆದುಬರುವ ಟ್ರಾವಿಸ್ ಬಹುಹೊತ್ತು ತುಟಿ ಬಿಚ್ಚುವುದಿಲ್ಲ. ಕಡೆಗೆ ಗಾಜಿನ ಗೋಡೆಯಾಚೆ ತನ್ನನ್ನು ಕಾಣಲಾರದ ಪತ್ನಿಗೆ ಬೆನ್ನು ತಿರುಗಿಸಿ ಕುಳಿತು, ತಮ್ಮಿಬ್ಬರ ಕಥೆಯನ್ನೇ ಪರರ ಕಥೆಯೆಂಬಂತೆ ಟೆಲಿಫೋನಿನಲ್ಲಿ ಹೇಳುತ್ತಾನೆ. ಅಳುವಿಲ್ಲ, ಅಬ್ಬರವಿಲ್ಲ, ನೋಡುವವರ ಗಂಟಲು ಬಿಗಿಯುತ್ತದೆ. ಆ ಚಿತ್ರಕ್ಕೆ ಕಾನ್ ಉತ್ಸವದ ಪರಮ ಪ್ರಶಸ್ತಿ ಸಂದಿತು. ಸ್ಟ್ಯಾಂಟನ್ ಮತ್ತೆ ಸಣ್ಣ ಪಾತ್ರಗಳಿಗೇ ಮರಳಿದರು.

ತೊಂಬತ್ತರ ಹರೆಯದಲ್ಲಿ ಇನ್ನೊಮ್ಮೆ ನಾಯಕರಾದ ‘ಲಕ್ಕಿ’ ಅಮೆರಿಕದ ಚಿತ್ರಮಂದಿರಗಳಿಗೆ ಬಂದದ್ದು 2017ರ ಸೆಪ್ಟೆಂಬರ್ 29ರಂದು. ಅವರು ಕಣ್ಮುಚ್ಚಿದ್ದು ಅದೇ ತಿಂಗಳ 15ರಂದು.