ಮಾತಿನ ಚಿಕಿತ್ಸೆಯ ಓದು

‘ಕಾಗೆ’ ಎನ್ನಲು ಹೋಗಿ ಮಗು ‘ತಾದೆ’ ಎನ್ನುತ್ತದೆ. ಎರಡೂವರೆ ವರ್ಷಕ್ಕೆ ಇದು ಸಹಜ. ಆರು ವರ್ಷಕ್ಕೂ ಹಾಗೇ ಉಳಿದರೆ ಪರೀಕ್ಷೆ ಬೇಕು. ಕಿವಿ ಸರಿಯಾಗಿ ಕೇಳಿಸುತ್ತಿದೆಯೇ? ನಾಲಿಗೆಯ ಹಿಂಭಾಗ ಮೇಲೇಳುತ್ತಿದೆಯೇ? ಮನೆಮಾತು ಯಾವುದು?

ಇಂಥ ಪ್ರಶ್ನೆ ಕೇಳಲು ಕಲಿಸುವ ಪದವಿಯೇ ಬಿಎಎಸ್‌ಎಲ್‌ಪಿ. ಪಿಯುಸಿ ವಿಜ್ಞಾನದ ನಂತರ ನಾಲ್ಕು ವರ್ಷ, ಕೊನೆಯದು ಪೂರ್ತಿ ಇಂಟರ್ನ್‌ಶಿಪ್.

1965ರಲ್ಲಿ ಆರಂಭವಾದ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಅಂದರೆ ಎಲ್ಲರ ಬಾಯಲ್ಲಿರುವ ‘ಆಯಿಷ್’, ಈ ಓದಿಗೆ ದೇಶದಲ್ಲೇ ದೊಡ್ಡ ಹೆಸರು. ಗಂಟಲಿನ ರಚನೆ, ಮಿದುಳು, ಧ್ವನಿಯ ಭೌತಶಾಸ್ತ್ರ, ಮನಶ್ಶಾಸ್ತ್ರ, ಭಾಷಾಶಾಸ್ತ್ರ ಎಲ್ಲವನ್ನೂ ವಿದ್ಯಾರ್ಥಿ ಓದಬೇಕು.

ಮಕ್ಕಳಷ್ಟೇ ಅಲ್ಲ, ಲಕ್ವ ಹೊಡೆದ ಹಿರಿಯರೂ ಚಿಕಿತ್ಸೆಗೆ ಬರುತ್ತಾರೆ. ಕೈಯಲ್ಲಿರುವುದು ಲೋಟವೆಂದು ಅವರಿಗೆ ಗೊತ್ತು, ಹೆಸರು ಮಾತ್ರ ಬಾಯಿಗೆ ಬರುವುದಿಲ್ಲ. ಇದು ಅಫೇಸಿಯಾ. ನೀರು ನುಂಗುವಾಗ ಕೆಮ್ಮು ಬಂದರೂ ನೋಡುವವರು ಮಾತಿನ ಚಿಕಿತ್ಸಕರೇ, ಏಕೆಂದರೆ ಮಾತಿಗೂ ನುಂಗುವುದಕ್ಕೂ ದುಡಿಯುವ ಸ್ನಾಯುಗಳು ಬಹುಪಾಲು ಒಂದೇ.

ಉಗ್ಗುವವರ ಮಾತನ್ನು ತಾನೇ ಮುಗಿಸಿಬಿಡದೆ ಕಾಯುವ ತಾಳ್ಮೆ ಕ್ಲಿನಿಕ್‌ನಲ್ಲೇ ಬರಬೇಕು. ಈ ಓದಿನ ಅತ್ಯಂತ ಬೆಲೆಯುಳ್ಳ ಪಾಠವೂ ಬಹುಶಃ ಅದೇ.

ಪದವಿಯ ನಂತರ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ. ಆಮೇಲೆ ಆಸ್ಪತ್ರೆ, ವಿಶೇಷ ಶಾಲೆ, ಇಲ್ಲವೇ ಸ್ವಂತ ಕ್ಲಿನಿಕ್.